ಕಪ್ಪು ಪೆಟ್ಟಿಗೆಯ ದಂಡಯಾತ್ರೆ

ವಿಂಡೋಸ್ ಬಲದಿಂದ ಲೋಕದ ಕಚೇರಿಗಳನ್ನೆಲ್ಲ ಗೆದ್ದು ಕುಳಿತಿದ್ದ ಮೈಕ್ರೋಸಾಫ್ಟಿಗೆ 2000ನೇ ಇಸವಿಯಲ್ಲೂ ಟಿವಿ ಇಟ್ಟ ಪಡಸಾಲೆ ಮಾತ್ರ ದಕ್ಕಿರಲಿಲ್ಲ. ಅಲ್ಲಿ ಜಪಾನಿನ ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್ ಆಳುತ್ತಿತ್ತು. ಅದರ ಎರಡನೆಯ ಯಂತ್ರ ನಾಳೆ ಕಂಪ್ಯೂಟರಿನ ಜಾಗವನ್ನೂ ನುಂಗೀತೆಂಬ ದಿಗಿಲು ರೆಡ್ಮಂಡಿನ ಮೈಕ್ರೋಸಾಫ್ಟ್ ದರ್ಬಾರನ್ನು ಹೊಕ್ಕಿತು. ತನ್ನದೇ ಆಟದ ಯಂತ್ರ ತರುವ ಬಗ್ಗೆ ಆ ವರ್ಷ ಫೆಬ್ರವರಿ 14ರಂದು ಸಭೆ ಸೇರಿತು. ಹೊಸ ಪೆಟ್ಟಿಗೆಯಲ್ಲಿ ವಿಂಡೋಸ್ ಇರುವುದಿಲ್ಲವೆಂದು ತಿಳಿದ ಬಿಲ್ ಗೇಟ್ಸ್ ಕೆಂಡಾಮಂಡಲವಾದರು. ಗಂಟೆಗಟ್ಟಲೆ ಕೂಗಾಟ ನಡೆಯಿತು. ಕಡೆಗೆ ಯಾರೋ ಸೋನಿಯ ಮಾತೆತ್ತಿದ್ದೇ ತಡ, ಸಭೆಯ ಧಾಟಿಯೇ ಬದಲಾಯಿತು. ಗೇಟ್ಸ್ ಮತ್ತು ಕಂಪನಿಯ ಸಿಇಒ ಸ್ಟೀವ್ ಬಾಲ್ಮರ್ ಅಸ್ತು ಎಂದರು.

2001ರ ನವೆಂಬರ್ 15ರಂದು ಆ ಪೆಟ್ಟಿಗೆ ಎಕ್ಸ್‌ಬಾಕ್ಸ್ ಎಂಬ ಹೆಸರಿನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಒಳಗೆ 733 ಮೆಗಾಹರ್ಟ್ಸ್ ಇಂಟೆಲ್ ಪ್ರೊಸೆಸರ್, 8 ಜಿಬಿ ಹಾರ್ಡ್ ಡಿಸ್ಕ್. ಬೆಲೆ 299 ಡಾಲರ್.

ಇತ್ತ ನಮ್ಮ ಕಡೆ, ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಗಿ ಆಗ ನಾಲ್ಕೇ ವರ್ಷ. ಈ ಸೀಮೆಯಲ್ಲಿ ನಡೆಯುತ್ತಿದ್ದುದು ಬೇರೊಂದು ವಂಶದ ಆಳ್ವಿಕೆ. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಹೊರತಂದ ಯಂತ್ರದ ನಕಲುಗಳು ಹೆಸರು ಕುಲ ಯಾವುದೂ ಇಲ್ಲದೆ ರಾಣೇಬೆನ್ನೂರಿನ ಓಣಿಗಳವರೆಗೆ ಬಂದಿದ್ದವು. ಜನ ಅದನ್ನು ‘ಟಿವಿ ಗೇಮ್’ ಎಂದರು. ಬೇಸಿಗೆ ರಜೆಯಲ್ಲಿ ಯಾರ ಮನೆಯಲ್ಲಿ ಅದಿತ್ತೋ ಅವನೇ ಓಣಿಯ ದೊರೆ. ಆಟ ನಿಂತರೆ ಹುಡುಗರು ‘ಊದಿ ಹಾಕಲೇ’ ಎಂದು ಗದರುವರು. ಅವನು ಹಳದಿ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಉಫ್ ಎಂದು ಊದಿ, ಅಂಗೈಯಿಂದ ಒತ್ತಿ ಕೂರಿಸುವನು. ಚೀಟಿಯ ಮೇಲೆ 9999 ಆಟ ಎಂದು ಅಚ್ಚಾಗಿದ್ದರೂ ಮಾರಿಯೋ, ಕಾಂಟ್ರಾ, ಬಾತುಕೋಳಿ ಬೇಟೆ ಎಂದು ಅವೇ ಕೆಲವು ತಿರುತಿರುಗಿ ಬರುತ್ತಿದ್ದವು. ಅದನ್ನು ಮೋಸವೆಂದು ಯಾರೂ ಎಣಿಸಲಿಲ್ಲ. ಸೋನಿಗೂ ಮೈಕ್ರೋಸಾಫ್ಟಿಗೂ ನಡೆದ ಮಹಾಯುದ್ಧದ ಸುದ್ದಿ ಆ ಸಿಂಹಾಸನವನ್ನು ಅಲುಗಿಸಲೂ ಇಲ್ಲ.

ಎಕ್ಸ್‌ಬಾಕ್ಸ್ ಭಾರತಕ್ಕೆ ಅಧಿಕೃತವಾಗಿ ಕಾಲಿಟ್ಟದ್ದು 2006ರ ಸೆಪ್ಟೆಂಬರಿನಲ್ಲಿ, 360 ಎಂಬ ಎರಡನೆಯ ಅವತಾರದಲ್ಲಿ. ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಅದರ ಭಟ್ಟಂಗಿಗಳಾದರು. ಬೆಲೆ ಸುಮಾರು 20,000 ರೂಪಾಯಿಯಿಂದ ಶುರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯವರಿಗೆ ಅದೇನು ಭಾರದ ಮೊತ್ತವಲ್ಲ. ಆದರೆ ಮೇಲೆ ಡಿಸ್ಕಿನ ಖರ್ಚು, ಕೆಟ್ಟರೆ ದೊಡ್ಡ ಊರಿನ ದಾರಿ. ಆ ಯಂತ್ರವಾದರೂ ಕೆಡುವುದರಲ್ಲಿ ಹೆಸರುವಾಸಿ: ಮುಂಭಾಗದಲ್ಲಿ ಕೆಂಪು ದೀಪ ಹೊತ್ತಿತೆಂದರೆ ಮುಗಿಯಿತು. ಆ ದೋಷಕ್ಕೆ 2007ರಲ್ಲಿ ಕಂಪನಿ ನೂರು ಕೋಟಿ ಡಾಲರಿಗೂ ಮಿಕ್ಕಿ ಹಣ ತೆಗೆದಿರಿಸಿತು. ಮೈಕ್ರೋಸಾಫ್ಟಿಗೆ ಹಣವಿತ್ತು, ಛಲವಿತ್ತು. ನಮ್ಮ ಕಡೆಯ ಪೇಟೆಗೆ ಬರುವ ದಾರಿ ತಿಳಿದಿರಲಿಲ್ಲ.

ಕನ್ನಡ ನಾಡಿನ ಕೈ ಈ ಕಥೆಯಲ್ಲಿ ಇಲ್ಲವೆನ್ನುವಂತಿಲ್ಲ. ಹಾವೇರಿ ಜಿಲ್ಲೆಯಾದ 1997ರಲ್ಲೇ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಗೇಮ್ ಸಂಸ್ಥೆ ಕಟ್ಟಿದರು. ಎಕ್ಸ್‌ಬಾಕ್ಸಿನ ಫೋರ್ಜಾ ಆಟಗಳಲ್ಲಿ ಓಡುವ ಕಾರುಗಳ ಕೆಲಸ ಅಲ್ಲಿಯೂ ನಡೆಯಿತು. 2019ರಲ್ಲಿ ಆ ಸಂಸ್ಥೆ ರಾಕ್‌ಸ್ಟಾರ್ ಗೇಮ್ಸ್ ವಶವಾಯಿತು.

ಅಷ್ಟರಲ್ಲಿ ಕ್ಯಾಸೆಟ್ಟಿನ ವಂಶವೂ ಅಳಿದು, ಆಟವೆಲ್ಲ ಮೊಬೈಲಿನ ಪಾಲಾಗಿತ್ತು. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರಿಗೆ ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿಯನ್ನು ಕೊಂಡಿತು. ಮೊಬೈಲಿನ ಕ್ಯಾಂಡಿ ಕ್ರಶ್ ಆಟ ಆ ಖರೀದಿಯೊಡನೆ ಬಂದದ್ದು. ಹಾವೇರಿ ಬಸ್ ನಿಲ್ದಾಣದಲ್ಲಿ ಕೂತು ಅದನ್ನು ಆಡುವವರು ಈಗ ಮೈಕ್ರೋಸಾಫ್ಟಿನ ಪ್ರಜೆಗಳೇ.