ರಕ್ಷಣೆ ಆಯಿತಾ?

ಕೊಂಡಪಲ್ಲಿಯಿಂದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಮನೆಮಾತು ಕನ್ನಡ, ಬೀದಿಮಾತು ತೆಲುಗು. ಅಲ್ಲಿನ ಪ್ರಾರ್ಥನಾಕೂಟವೊಂದರಲ್ಲಿ ಬೋಧಕರು ಒಬ್ಬೊಬ್ಬರನ್ನೂ "ರಕ್ಷಣ ಪೊಂದಾರಾ?" ಎಂದು ಕೇಳುತ್ತ ಬಂದರಂತೆ. ಹಿಂದಿನ ಸಾಲಿನ ಹುಡುಗನೊಬ್ಬ, ಯೆಹೂದ್ಯರಿಗೂ ರಕ್ಷಣೆ ಉಂಟೇ ಎಂದನಂತೆ. "ಅವರದು ಮುಗಿದ ಕಥೆ" ಎಂದು ಉತ್ತರ ಬಂತಂತೆ. ಈಗ ಇವರ ಪ್ರಶ್ನೆ: "ರಕ್ಷಣೆ ಅನ್ನುವುದು ಮುಗಿದುಹೋಗುವಂಥದ್ದೇ, ಸಾರ್?"

ಅಲ್ಲ ತಾಯಿ. ಆದರೆ ಆ ಮಾತನ್ನು ಹಾಗೆ ಮಾಡಿಟ್ಟವರು ನಾವೇ. ಪತ್ರಿಕೆ ಬಿಡಿಸಿದರೆ ಬಾವಿಗೆ ಬಿದ್ದ ಚಿರತೆಯ ರಕ್ಷಣೆ, ನೆರೆಯಲ್ಲಿ ಸಿಕ್ಕಿಕೊಂಡವರ ರಕ್ಷಣೆ. ಹಗ್ಗ ಇಳಿಸಿದರು, ಎತ್ತಿದರು, ಫೋಟೊ ತೆಗೆದರು, ಅಲ್ಲಿಗೆ ಮುಗಿಯಿತು. ಸಭೆಗಳಿಗೂ ಇದೇ ಧಾಟಿ ಬಂದುಬಿಟ್ಟಿದೆ. "ನಮ್ಮ ತಂಗಿಗೆ ಹೋದ ವರ್ಷ ರಕ್ಷಣೆ ಆಯಿತು" ಎನ್ನುತ್ತಾರೆ, ಮದುವೆ ಆಯಿತು ಅಂದ ಹಾಗೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ಅವರ ನಂತರದವರೂ ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತಾಗ ಮೋಕ್ಷ, ಮುಕ್ತಿ ಎಂಬ ಮಾತುಗಳು ಕೈಯಳತೆಯಲ್ಲೇ ಇದ್ದವು. ಆದರೂ ನಮ್ಮ ಸತ್ಯವೇದದಲ್ಲೂ ತೆಲುಗಿನದರಲ್ಲೂ ನೆಲೆನಿಂತದ್ದು ರಕ್ಷಣೆ. ಮೋಕ್ಷ ಒಬ್ಬಂಟಿಗೂ ಆದೀತು, ರಕ್ಷಣೆಗೆ ಇಬ್ಬರು ಬೇಕು. ಆ ಸಂಸ್ಕೃತದ ಮಾತಿಗೆ ಇಲ್ಲಿ ಬೇರು ಕೊಟ್ಟದ್ದು ನಮ್ಮ "ಕಾಯು" ಎಂಬುದೇ, ಪಂಡಿತರು ಒಪ್ಪಲಿ ಬಿಡಲಿ, ನನ್ನ ನಂಬಿಕೆ ಅದು. ಹೊಲ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ರಾತ್ರಿ ಅಟ್ಟಣೆಯ ಮೇಲೆ ಕೂತು ಜೋಳ ಕಾಯುವವನಿಗೆ ಕಾಪಾಡುವುದೂ ಬೆಳಗಾಗಲೆಂದು ಎದುರುನೋಡುವುದೂ ಒಂದೇ ಕೆಲಸ. ಆದ್ದರಿಂದಲೇ ಎರಡಕ್ಕೂ ಒಂದೇ ಮಾತು ಸಾಕಾಯಿತು. "ದೇವರು ಕಾಯಲಿ" ಎನ್ನುವಾಗ ಅವನ ತಾಳ್ಮೆಯನ್ನೂ ಸೇರಿಸಿಯೇ ಬೇಡುತ್ತಿರುತ್ತೇವೆ.

ಬಳ್ಳಾರಿ ಸೀಮೆಯ ನಮ್ಮಜ್ಜಿಯ ಬಾಯಲ್ಲಿ ಒಂದು ಗಾದೆ ಸದಾ ಇರುತ್ತಿತ್ತು: "ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?" ಇಂದು ಅದನ್ನು ಸೋಮಾರಿಗಳ ಸಮಾಧಾನವೆಂದು ಬಳಸುತ್ತಾರೆ. ದೇವರು ಹೇಗೂ ಕೊಡುತ್ತಾನೆ, ಸುಮ್ಮನಿರು ಎಂದು. ಅಜ್ಜಿಯದು ಆ ಅರ್ಥವಲ್ಲ. ಆಕೆಯ ಹಿರಿಯರು 1876ರಿಂದ 78ರವರೆಗಿನ ಧಾತು ಈಶ್ವರ ಬರವನ್ನು ಕಂಡವರು, ಸೊಪ್ಪುಸದೆ ಬೇಯಿಸಿ ತಿಂದು ಉಳಿದವರು. ಹುಲ್ಲಿನ ರುಚಿ ಗೊತ್ತಿದ್ದ ಜನ ಈ ಗಾದೆಯನ್ನು ಕೇಳಿದ್ದು ಪ್ರಶ್ನೆಯಾಗಿ. ಕೊನೆಯ ಆ "ಏ"ಕಾರ ಗಮನಿಸಿ. ಅದರಲ್ಲಿ ದೇವರ ಮೇಲೆ ಭರವಸೆಯಿದೆ, ಅಷ್ಟೇ ಹಕ್ಕಿನ ಜಗಳವೂ ಇದೆ: ಹುಟ್ಟಿಸಿದವನು ನೀನು, ಮಾತು ಕೊಟ್ಟವನು ನೀನು, ಈಗ ಕೈಬಿಡುತ್ತೀಯಾ? ಅಜ್ಜಿ ಅದನ್ನು ಹೇಳುತ್ತಿದ್ದದ್ದು ಡಬ್ಬದಲ್ಲಿ ಹಿಟ್ಟು ತಳ ಕಂಡ ದಿನಗಳಲ್ಲಿ. ಹೊಟ್ಟೆ ತುಂಬಿದ ದಿನ ಆ ಗಾದೆ ಆಕೆಯ ಬಾಯಿಗೆ ಬರುತ್ತಲೇ ಇರಲಿಲ್ಲ.

ಅದೇ ಬರ ಆಂಧ್ರದ ಕರಾವಳಿಯನ್ನೂ ಸುಟ್ಟಿತು. ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸ ಹಿಡಿಸಿ ಹಸಿದವರಿಗೆ ಕೂಲಿ ಕೊಡಿಸಿದರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನವಾಯಿತು. ಅವರಲ್ಲಿ ಹೆಚ್ಚಿನವರು ಮಾದಿಗರು. ಆ ಸಂಖ್ಯೆಯನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಕಾಲುವೆಯ ಕೂಲಿಯೂ ರಕ್ಷಣೆ ಎಂಬ ಮಾತಿನೊಳಗೇ ಸೇರುತ್ತದೆ.

ಇನ್ನು ಹುಡುಗನ ಪ್ರಶ್ನೆ. ಸಮಾರ್ಯದ ಬಾವಿಯ ಬಳಿ ಯೇಸು ಆ ಹೆಂಗಸಿಗೆ, ರಕ್ಷಣೆ ಬರುವುದೇ ಯೆಹೂದ್ಯರಿಂದ ಎಂದು ತಿಳಿಸುವುದು ಯೋಹಾನನ ಸುವಾರ್ತೆಯಲ್ಲಿದೆ. ಪೌಲನಂತೂ ಅಜ್ಜಿಯ ಗಾದೆಯ ವ್ಯಾಕರಣದಲ್ಲೇ ಕೇಳುತ್ತಾನೆ: ದೇವರು ತನ್ನ ಜನವನ್ನು ತಳ್ಳಿಬಿಟ್ಟನೇ? ಎಂದಿಗೂ ಇಲ್ಲವೆಂದು ತಾನೇ ಉತ್ತರಿಸಿ, ಕಾಡು ಎಣ್ಣೆಮರದ ಕೊಂಬೆಯಾಗಿ ಬಂದು ಕಸಿಗೊಂಡ ಅನ್ಯಜನರಿಗೆ, ಬೇರನ್ನು ಹೊತ್ತವರು ನೀವಲ್ಲ ಎಂದು ಎಚ್ಚರಿಸುತ್ತಾನೆ. ಸಭೆ ಅದನ್ನು ಶತಮಾನಗಳ ಕಾಲ ಮರೆತಿತು. ಶುಭಶುಕ್ರವಾರದ ಕಥೋಲಿಕ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಅಂಟಿಸಿದ್ದ ವಿಶ್ವಾಸಹೀನರೆಂಬ ವಿಶೇಷಣವನ್ನು ಪೋಪ್ 23ನೆಯ ಜಾನ್ ತೆಗೆಸಿದ್ದು 1959ರಲ್ಲಿ, ಅರುವತ್ತು ಲಕ್ಷ ಯೆಹೂದ್ಯರ ಕೊಲೆಯಾದ ಮೇಲೆ. ದೇವರು ಅವರನ್ನು ತಿರಸ್ಕರಿಸಿದನೆಂದು ಬೋಧಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಸಾರಿತು. ಕ್ರಿಸ್ತನಿಂದಲೇ ಎಲ್ಲರ ರಕ್ಷಣೆ, ಆದರೂ ಯೆಹೂದ್ಯರಿಗೆ ಅದರಲ್ಲಿ ಪಾಲುಂಟು, ಇದು ಹೇಗೆಂಬುದು ದೇವರ ಗೂಢ ಎಂದು 2015ರ ವ್ಯಾಟಿಕನ್ ದಾಖಲೆ ಹೇಳುತ್ತದೆ. ಇವಾಂಜೆಲಿಕಲ್ ಸಭೆಗಳಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಯೆಹೂದ್ಯರಿಗೂ ಸುವಾರ್ತೆ ಸಾರಲೇಬೇಕು ಎನ್ನುತ್ತಾರೆ. ಆ ವಾದ ನಡೆಯಲಿ. ಆದರೆ "ಮುಗಿದ ಕಥೆ" ಎನ್ನುವುದಕ್ಕೆ ಪೌಲನಲ್ಲಿ ಆಧಾರವೇ ಇಲ್ಲ. ಅಬ್ರಹಾಮನಿಗೆ ಕೊಟ್ಟ ಮಾತನ್ನೇ ಉಳಿಸಿಕೊಳ್ಳದ ದೇವರು ಕೊಂಡಪಲ್ಲಿಯವರಿಗೆ ಕೊಟ್ಟದ್ದನ್ನು ಉಳಿಸಿಕೊಳ್ಳುತ್ತಾನೆಂದು ನಂಬುವುದು ಹೇಗೆ?

ಆ ಬೋಧಕರು ಯೆಹೂದ್ಯರನ್ನು ದೂರದ ಜನವೆಂದು ಭಾವಿಸಿರಬೇಕು. ಕೃಷ್ಣೆ ದಾಟಿ ಗುಂಟೂರು ಜಿಲ್ಲೆಗೆ ಹೋದರೆ ಚೇಬ್ರೋಲಿನ ಬಳಿ ಕೊತ್ತರೆಡ್ಡಿಪಾಲೆಂ ಇದೆ. ಹಿಂದೆ ಕ್ರೈಸ್ತರಾಗಿದ್ದ ಅಲ್ಲಿನ ಕೆಲವು ಮಾದಿಗ ಕುಟುಂಬಗಳು ತಾವು ಎಫ್ರಾಯೀಮ್ ಕುಲದವರೆಂದು, ಬೆನೆ ಎಫ್ರಾಯೀಮ್ ಎಂದು ಕರೆದುಕೊಂಡು 1991ರಲ್ಲಿ ಸಿನಗಾಗ್ ತೆರೆದವು. ದನದ ಮಾಂಸ ತಿನ್ನುವುದು, ಸತ್ತವರನ್ನು ಹೂಳುವುದು ಎಂದು ಊರು ಹೀಯಾಳಿಸಿದ ರೂಢಿಗಳನ್ನೇ ಅವರು ಪೂರ್ವಿಕರ ಗುರುತೆಂದು ಎತ್ತಿಹಿಡಿದರು. ಯೂಲಿಯಾ ಎಗೊರೋವಾ ಮತ್ತು ಶಾಹಿದ್ ಪರ್ವೇಜ್ 2013ರಲ್ಲಿ ಇವರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ವಂಶದ ಸತ್ಯಾಸತ್ಯ ಏನೇ ಇರಲಿ, ತಮ್ಮನ್ನು ಕಾಯುವವನನ್ನು ಅವರು ಇಸ್ರಾಯೇಲಿನ ಹೆಸರಿನಲ್ಲಿ ಕರೆಯುತ್ತಿದ್ದಾರೆ, ಅದೂ ತೆಲುಗಿನಲ್ಲಿ.

ಪತ್ರ ಬರೆದ ತಾಯಿಗೆ ನನ್ನ ಬಿನ್ನಹ ಇಷ್ಟೇ. ಬಾಯಿಂದ ಅರಿಕೆಮಾಡಿ ನಂಬಿದರೆ ರಕ್ಷಣೆ ಎಂಬ ಮಾತನ್ನು ಬೋಧಕರು ತೆಗೆಯುವುದು ರೋಮಾಪುರದವರಿಗೆ ಬರೆದ ಪತ್ರದ 10ನೆಯ ಅಧ್ಯಾಯದಿಂದ. ಇಸ್ರಾಯೇಲಿಗಾಗಿ ಪೌಲ ಮರುಗುವ 9ನೆಯದನ್ನೂ, ದೇವರು ತನ್ನ ಜನವನ್ನು ತಳ್ಳಿಬಿಟ್ಟನೇ ಎಂದು ಕೇಳುವ 11ನೆಯದನ್ನೂ ಅದರೊಂದಿಗೆ ಒಂದೇ ಕೂತಲ್ಲಿ ಓದಿ. ಆ ಹುಡುಗನಿಗೂ ಓದಿಸಿ.