ಪ್ರಕೃತಿ ವಿಜ್ಞಾನ ಶಿಬಿರಗಳು, ಮಕ್ಕಳ

ನಿಸರ್ಗವನ್ನು ಕಂಡು, ಮುಟ್ಟಿ ಕಲಿಯಲು ಸಂಗ್ರಹಾಲಯಗಳು ಮಕ್ಕಳಿಗಾಗಿ ನಡೆಸುವ ಹಗಲು ಶಿಬಿರಗಳು. ಕರ್ನಾಟಕದಲ್ಲಿ ಇವಕ್ಕೆ ಹೆಸರಾದದ್ದು ಮೈಸೂರಿನ ಕಾರಂಜಿ ಕೆರೆಯಂಚಿನಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ. ಕೇಂದ್ರ ಪರಿಸರ ಸಚಿವಾಲಯದ ಈ ಸಂಸ್ಥೆ ಬೇಸಿಗೆ ರಜೆಯಲ್ಲಿ ಶಿಬಿರ ಏರ್ಪಡಿಸುತ್ತದೆ. ಚಿಪ್ಪನ್ನೋ ಮೂಳೆಯನ್ನೋ ಅಂಗೈಯಲ್ಲಿಟ್ಟು ಭೂತಗನ್ನಡಿ ಹಿಡಿದು ನೋಡಿದ ಮಗುವಿಗೆ ಪಠ್ಯದ ಚಿತ್ರ ಸಪ್ಪೆಯೆನಿಸುವುದು ಸಹಜ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಕ್ಕಳಿಗೆ ಮೈಸೂರು ಬಲು ದೂರ. ಸ್ಥಳೀಯ ಸಮಸ್ಯೆಯನ್ನೇ ಅಧ್ಯಯನಕ್ಕೆ ಎತ್ತಿಕೊಳ್ಳುವ, 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಮತ್ತು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಿಕ ಇಂಥ ಊರುಗಳಿಗೂ ಎಟಕುವಂಥವು. ಕೃಷ್ಣಾ, ದೂಧಗಂಗಾ ದಡದ ಮೆಕ್ಕಲುಮಣ್ಣು, ನೀರಹಕ್ಕಿ, ಕಬ್ಬಿನ ಗದ್ದೆಯ ಕೀಟಗಳು ಶಿಬಿರಕ್ಕೆ ಇಲ್ಲಿಯೇ ಸಿಗುವ ಸಾಮಗ್ರಿ. ತಾಲ್ಲೂಕಿಗೊಂದು ಪುಟ್ಟ ಸಂಗ್ರಹಾಲಯ ಅಗತ್ಯವಾಗಿ ಬೇಕು.