ಬಣ್ಣದ ಗಾಳಿ, ಕಾಗದದ ತಡೆ

ಪ್ರದರ್ಶನಗಳಲ್ಲಿ ಕಟ್ಟಡಗಳ ಕಿರುಮಾದರಿಗಳನ್ನು ನೀವು ನೋಡಿರಬಹುದು: ಆಟದ ರೈಲಿನ ಪಕ್ಕದ ನಿಲ್ದಾಣ, ಇಟ್ಟಿಗೆಯ ಗೋದಾಮು, ಬಿಳಿ ಕಿಟಕಿಗಳ ಮನೆ. ಕೆಲವನ್ನು ಕಂಡರೆ ನಿಜವಾದ ಮನೆಯೇ ಎಂದು ಕಣ್ಣು ಮೋಸಹೋಗುತ್ತದೆ. ಇನ್ನು ಕೆಲವು, ಎಷ್ಟು ಶ್ರಮಪಟ್ಟು ಮಾಡಿದ್ದರೂ, ಆಟಿಕೆಗಳಾಗಿಯೇ ಉಳಿಯುತ್ತವೆ. ಬಹುಮಟ್ಟಿಗೆ ಈ ವ್ಯತ್ಯಾಸವಿರುವುದು ಬಣ್ಣದ ದಪ್ಪದಲ್ಲಿ.

ಲೆಕ್ಕ ಸುಲಭ. ಮಾದರಿ ರೈಲುಗಳಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ 87ಕ್ಕೆ 1. ನಮ್ಮ ಒಂದಡಿ ಅಲ್ಲಿ ಮೂರೂವರೆ ಮಿಲಿಮೀಟರು. ಇಟ್ಟಿಗೆಗಳ ನಡುವೆ 10 ಮಿಲಿಮೀಟರಿನ ಗಾರೆಯ ಸಂದಿದ್ದರೆ, ಮಾದರಿಯಲ್ಲಿ ಅದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಕುಂಚದಿಂದ ದಪ್ಪನಾಗಿ ಬಳಿದ ಬಣ್ಣ ಅದನ್ನು ಮುಚ್ಚಿಯೇಬಿಡುತ್ತದೆ. ತೆಳುಪೊರೆಯಾಗಿ ಬಣ್ಣ ಹಿಡಿಸಲು ಗಾಳಿಯೇ ಬೇಕು.

ಆ ಗಾಳಿಕುಂಚ, ಎಂದರೆ ಏರ್‌ಬ್ರಷ್, ಹುಟ್ಟಿದ್ದು ಮಾದರಿಗಳಿಗಾಗಿ ಅಲ್ಲ. ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಅಬ್ನರ್ ಪೀಲರ್ ಎಂಬಾತ 1879ರ ಸುಮಾರಿನಲ್ಲಿ ಒಂದು ಒರಟು ಯಂತ್ರವನ್ನು ಮಾಡಿದ. ಲಿಬರ್ಟಿ ವಾಕಪ್ ಎಂಬುವನು ಅದನ್ನು ಕೊಂಡು, ತಿದ್ದಿ, ಮಾರಾಟಕ್ಕೆ ತಂದ. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ರಚಿಸಿದ್ದು ಇಂದಿನ ಲೇಖನಿಯಂಥ ರೂಪಕ್ಕೆ ಹತ್ತಿರದ್ದು. ಆಗ ಅದಕ್ಕಿದ್ದ ಮುಖ್ಯ ಕೆಲಸವೆಂದರೆ ಛಾಯಾಚಿತ್ರಗಳನ್ನು ತಿದ್ದುವುದು. ಹಿಂದೆ ಮನೆಮನೆಯಲ್ಲಿ ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪಿನ ತತ್ತ್ವವೇ ಇಲ್ಲಿಯದೂ: ರಭಸದ ಗಾಳಿ ದ್ರವವನ್ನು ಸೆಳೆದು ತುಂತುರು ಮಾಡುತ್ತದೆ.

ಆದರೆ ಗಾಳಿಗೆ ಗೆರೆ ಗೊತ್ತಿಲ್ಲ. ಕಿಟಕಿಗೆ ಬಿಳಿ, ಗೋಡೆಗೆ ಕೆಂಪು ಬೇಕೆಂದರೆ ಒಂದನ್ನು ಮುಚ್ಚಿ ಇನ್ನೊಂದಕ್ಕೆ ಹೊಡೆಯಬೇಕು. ಚಿತ್ರ ತಿದ್ದುವವರು ಕಾಗದ ಕತ್ತರಿಸಿಟ್ಟು ಈ ಕೆಲಸ ಸಾಧಿಸುತ್ತಿದ್ದರು. ಚಪ್ಪಟೆಯ ಚಿತ್ರಕ್ಕೆ ಅದು ಸಾಕು. ಮೂಲೆ, ಚೌಕಟ್ಟು, ಕಮಾನುಗಳಿರುವ ಕಟ್ಟಡದ ಮೇಲೆ ಬಿಡಿಕಾಗದ ಗಾಳಿಗೆ ಏಳುತ್ತದೆ, ಬಣ್ಣ ಅಡಿಗೆ ನುಸುಳುತ್ತದೆ.

ಇದಕ್ಕೆ ಪರಿಹಾರ ಬಂದದ್ದು ಮೋಟಾರು ಕಾರ್ಖಾನೆಯಿಂದ. 1920ರ ದಶಕದಲ್ಲಿ ಅಮೆರಿಕದಲ್ಲಿ ಇಬ್ಬಣ್ಣದ ಕಾರುಗಳು ಫ್ಯಾಷನ್ನಾಗಿದ್ದವು. ಬಣ್ಣದವರು ವೃತ್ತಪತ್ರಿಕೆಯನ್ನು ಅಂಟಿಸಿ ಮುಚ್ಚುತ್ತಿದ್ದರು. ಕೀಳುವಾಗ ಹೊಸ ಬಣ್ಣವೂ ಕಿತ್ತುಬರುತ್ತಿತ್ತು. ಮಿನೆಸೋಟಾ ಮೈನಿಂಗ್ ಕಂಪನಿಯ ರಿಚರ್ಡ್ ಡ್ರೂ ಎಂಬ ತರುಣ ಅಲ್ಲಿಗೆ ಹೋಗುತ್ತಿದ್ದುದು ಉಜ್ಜುಕಾಗದದ ಪರೀಕ್ಷೆಗೆ. ಅವರ ಬೈಗುಳ ಕೇಳಿ, ತಾನು ಇದಕ್ಕೆ ದಾರಿ ಹುಡುಕುತ್ತೇನೆಂದು ಮಾತು ಕೊಟ್ಟ. ಮೇಲಧಿಕಾರಿ ವಿಲಿಯಂ ಮೆಕ್‌ನೈಟ್ ಆ ಗೊಡವೆ ಬಿಟ್ಟು ಉಜ್ಜುಕಾಗದ ನೋಡಿಕೊ ಎಂದರೂ ಡ್ರೂ ಬಿಡಲಿಲ್ಲ. 1925ರಲ್ಲಿ, ಸುಕ್ಕುಗಾಗದದ ಮೇಲೆ ಮೃದುವಾದ ಅಂಟು ಸವರಿದ ಮಾಸ್ಕಿಂಗ್ ಟೇಪು ಸಿದ್ಧವಾಯಿತು.

ಮೊದಲ ಮಾದರಿಯಲ್ಲಿ ಅಂಚಿಗೆ ಮಾತ್ರ ಅಂಟಿದ್ದು, ಅದು ಕಳಚಿಬಿದ್ದಾಗ, 'ಇದನ್ನು ನಿನ್ನ ಸ್ಕಾಚ್ ದಣಿಗಳಿಗೇ ಕೊಡು' ಎಂದು ಬಣ್ಣದವನೊಬ್ಬ ರೇಗಿದನೆಂದು ಕಥೆ. ಸ್ಕಾಚ್ ಎಂದರೆ ಅಲ್ಲಿಯ ಆಡುಮಾತಿನಲ್ಲಿ ಜಿಪುಣ. ಸ್ಕಾಟ್ಲೆಂಡಿನವರಿಗೆ ಇದು ಅನ್ಯಾಯವೇ ಸರಿ! ಹೆಸರು ಮಾತ್ರ ಟೇಪಿಗೆ ಅಂಟಿಕೊಂಡಿತು.

ಮಾದರಿ ಮಾಡುವವರು ಏರ್‌ಬ್ರಷ್ಷನ್ನೇ ಹೊಗಳುವುದು ವಾಡಿಕೆ. ನನ್ನ ಮಟ್ಟಿಗೆ ಹೆಚ್ಚಿನ ಮಾನ ಟೇಪಿಗೆ ಸಲ್ಲಬೇಕು. ಅದರ ಸುಕ್ಕು ಹಿಗ್ಗಿ ತಿರುವಿನಲ್ಲೂ ಕೂರುತ್ತದೆ. ಅಂಗಡಿಯ ಟೇಪಿನ ಅಂಚು ಪುಟ್ಟ ಕಿಟಕಿಗೆ ಒರಟು. ಆದ್ದರಿಂದ ಅದನ್ನು ಗಾಜಿನ ಮೇಲೆ ಹಚ್ಚಿ, ಹರಿತವಾದ ಅಲಗಿನಿಂದ ಹೊಸ ಅಂಚು ಕೊಯ್ಯುತ್ತಾರೆ. ಇನ್ನೊಂದು ಜಾಣತನವುಂಟು. ಬಿಳಿಯ ಚೌಕಟ್ಟನ್ನು ಮುಚ್ಚಿದ ಮೇಲೆ ಕೂಡಲೇ ಕೆಂಪು ಹೊಡೆಯುವುದಿಲ್ಲ. ಟೇಪಿನ ಅಂಚಿಗೆ ಮತ್ತೊಮ್ಮೆ ಬಿಳಿಯನ್ನೇ ಹೊಡೆಯುತ್ತಾರೆ. ಸಂದಿನಲ್ಲಿ ನುಸುಳುವುದಿದ್ದರೆ ಬಿಳಿಯೇ ನುಸುಳಿ ಒಣಗಿ, ಬಿರುಕನ್ನು ಮುಚ್ಚುತ್ತದೆ. ಆಮೇಲೆ ಬಂದ ಕೆಂಪಿಗೆ ಒಳಹೊಗಲು ದಾರಿಯಿರುವುದಿಲ್ಲ.